ಆ ಮುಳ್ಳುಗಿಡದ ಎಲೆ ಮುರಿದು ನೋಡಿ

ಕಳೆದ ತಿಂಗಳು ಸಿರಾದಿಂದ ಅಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ಲು. ಪಕ್ಕದ ಖಾಲಿ ಸೈಟಿನ ಮುಳ್ಳುಗಿಡ. "ಇದೇ ಅಲ್ವೇನೋ ಬ್ರಹ್ಮದಂಡೆ? ಕಷಾಯ ಕುಡಿದ್ರೆ ಮಂಡಿನೋವು ಹೋಗತ್ತಂತೆ. ಗ್ರೂಪಲ್ಲಿ ಬಂದಿತ್ತು."

ಮೀಟಿಂಗ್ ಮಧ್ಯೆಯೇ ಗಿಡ ಗುರುತಿಸೋ ಆಪ್‌ಗೆ ಫೋಟೊ ಹಾಕಿದೆ. 'ಥಿಸಲ್' ಅಂತ ತೋರಿಸ್ತು. ಬ್ರಹ್ಮದಂಡೆನೂ ಥಿಸಲ್ ಜಾತಿಯದ್ದೇ. "ಹೂಂ, ಅದೇ" ಅಂತ ಟೈಪ್ ಮಾಡಿದವನು ಯಾಕೋ ಕಳಿಸಲಿಲ್ಲ. ಫೋಟೊದಲ್ಲಿ ಹೂವೇ ಇರಲಿಲ್ಲ. ಫೋನ್ ಮಾಡಿ, "ಒಂದು ಎಲೆ ಮುರಿದು ನೋಡಮ್ಮ" ಅಂದೆ.

"ಅರಿಶಿನದ ಥರ ಹಾಲು ಬರ್ತಿದೆ ಕಣೋ."

ಆ ಹಳದಿ ನನಗೆ ಗೊತ್ತು. ಚಿಕ್ಕಂದಿನಲ್ಲಿ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಹುಡುಕಲು ಹೋಗಿ ಕೈಗೆಲ್ಲ ಅಂಟಿಸಿಕೊಂಡಿದ್ದೆ. ಅದು ದತ್ತೂರಿ, ಆರ್ಜಿಮೋನ್ ಮೆಕ್ಸಿಕಾನಾ. ಅಮೆರಿಕ ಖಂಡದಿಂದ ಬಂದ ವಿಷದ ಕಳೆ. ತಮಿಳಲ್ಲಿ ಇದನ್ನೇ ಬ್ರಹ್ಮದಂಡು ಅಂತಾರೆ. ಹೆಸರಿನ ಗೊಂದಲ ಹುಟ್ಟೋದೇ ಇಲ್ಲಿ.

ಗುರುತಿಸೋದು ಕಷ್ಟವಲ್ಲ. ದತ್ತೂರಿಯ ಎಲೆ ಬೂದಿ ಬಣ್ಣ ಬೆರೆತ ಹಸಿರು, ನರಗಳು ಬೆಳ್ಳಗೆ. ಹೂವು ಹಳದಿ, ನಾಲ್ಕರಿಂದ ಆರು ತೆಳು ಎಸಳು. ಮುಳ್ಳಿನ ಕಾಯಿಯೊಳಗೆ ಸಾಸಿವೆಯಂಥ ಕಪ್ಪು ಬೀಜ. ಬ್ರಹ್ಮದಂಡೆಯ ಹೂಗೊಂಚಲು ಮುಳ್ಳಿನ ಚೆಂಡಿನಂತೆ ದುಂಡಗೆ, ಎಲೆಯ ಹಿಂಭಾಗ ಹತ್ತಿಯಂತೆ ಬೆಳ್ಳಗೆ. ಮುರಿದರೆ ಹಳದಿ ಹಾಲು ಬರಲ್ಲ.

ಎರಡೂ ಒಣಭೂಮಿಯವೇ. ದತ್ತೂರಿಯಂತೂ ರಸ್ತೆ ಬದಿ, ಬೀಳು ಹೊಲ, ಬತ್ತಿದ ಕೆರೆ, ಖಾಲಿ ಸೈಟು ಎಲ್ಲಿ ಬೇಕಾದರೂ ಬೆಳೆಯುತ್ತೆ. ಮಳೆಗಾಲ ಮುಗಿದ ಮೇಲೆ ಬೇಸಿಗೆವರೆಗೂ ಕಣ್ಣಿಗೆ ಬೀಳುತ್ತೆ.

1998ರಲ್ಲಿ ದಿಲ್ಲಿಯಲ್ಲಿ ಇದರ ಎಣ್ಣೆ ಕಲಬೆರಕೆಯಾದ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಸಾಂಗ್ವಿನರಿನ್ ಅನ್ನೋ ವಿಷದಿಂದ ಕಾಲು ಊದುತ್ತೆ, ಉಸಿರು ಕಟ್ಟುತ್ತೆ, ಹೃದಯ ಸೋಲುತ್ತೆ. ಗಿಡದ ಹಾಲೂ ವಿಷವೇ.

ಮನೆ ಹತ್ತಿರ ಕಂಡರೆ ಕಾಯಿ ಕಟ್ಟುವ ಮೊದಲೇ ಕೈಗೆ ಗೋಣಿಚೀಲ ಸುತ್ತಿಕೊಂಡು ಬೇರುಸಮೇತ ಕಿತ್ತುಬಿಡಿ. ಬೀಜ ಉದುರಿದರೆ ಮುಂದಿನ ವರ್ಷವೂ ಅದೇ ಕೆಲಸ.

ಅಮ್ಮ ಕಷಾಯದ ಪಾತ್ರೆ ಒಲೆಯಿಂದ ಇಳಿಸಿದ್ಲು. ಆ ಶನಿವಾರ ಊರಿಗೆ ಹೋಗಿ ಮಂಡಿನೋವಿಗೆ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಆರು ತಿಂಗಳಿಂದ ನೋವಿತ್ತಂತೆ. ನಾನು ಕೇಳಿರಲೇ ಇಲ್ಲ.