ಮಾನಸಗಂಗೋತ್ರಿ: ಬಯಲು, ಕೆರೆ, ನೆರಳು

ವಿದ್ಯಾಲಯಗಳ ಚರಿತ್ರೆಯನ್ನು ಬರೆಯುವವರು ಕುಲಪತಿಗಳ ಹೆಸರುಗಳನ್ನೂ ಕಟ್ಟಡಗಳ ಶಂಕುಸ್ಥಾಪನೆಯ ದಿನಗಳನ್ನೂ ತಪ್ಪದೆ ಲೆಕ್ಕವಿಡುತ್ತಾರೆ. ಆ ಕಟ್ಟಡಗಳು ನಿಂತ ನೆಲಕ್ಕೂ ಒಂದು ಚರಿತ್ರೆಯುಂಟೆಂಬುದು ಅನೇಕ ವೇಳೆ ಮರೆತುಹೋಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಮೊದಲ ನಾಲ್ಕು ದಶಕಗಳ ಕಾಲ ಮೈಸೂರಿನಲ್ಲಿ ಅದರ ವಿದ್ಯಾಜೀವನವೆಲ್ಲ ಊರೊಳಗಿನ ಮಹಾರಾಜಾ ಕಾಲೇಜಿನಂಥ ಕಾಲೇಜುಗಳಲ್ಲಿಯೇ ಸಾಗಿತು. ಉನ್ನತ ವ್ಯಾಸಂಗಕ್ಕೆ ಪ್ರತ್ಯೇಕವಾದ ಆವರಣವೊಂದು ಬೇಕೆಂಬ ಕನಸಿಗೆ ರೂಪುಕೊಟ್ಟವರು, 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು. ನಗರದ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯಾಚೆಯ ವಿಶಾಲ ಭೂಮಿಗೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರೂ ಅವರೇ.

ಕೊಳ್ಳೇಗಾಲದ ಬಳಿಯ ಧನಗೆರೆಯಂಥ ಊರುಗಳಿಗೆ ಈ ಹೆಸರಿನೊಡನೆ ವಿಶೇಷವಾದ ನಂಟುಂಟು. 1956ರ ನವೆಂಬರ್ 1ರವರೆಗೆ ಆ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ಕೂಗಳತೆಯಲ್ಲಿದ್ದಂತಿದ್ದರೂ ಕಚೇರಿ ಪರರಾಜ್ಯದಲ್ಲಿ! ಏಕೀಕರಣವಾದ ನಾಲ್ಕೇ ವರ್ಷಗಳಲ್ಲಿ, 1960ರಲ್ಲಿ, ಗಂಗೋತ್ರಿ ತಲೆಯೆತ್ತಿತು. ಆ ಹಳ್ಳಿಗಳ ಮಕ್ಕಳಿಗೆ ತಮ್ಮದೇ ರಾಜ್ಯದೊಳಗೆ ಎಂ.ಎ. ತರಗತಿಯ ಬಾಗಿಲು ತೆರೆದಂತಾಯಿತು.

ಅಂದಿನಿಂದ ಈ ನೆಲ ಎಷ್ಟು ಬದಲಾಯಿತು! ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ ಹುಟ್ಟಿತು. ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಸಿತು. ಅರಸುಮಕ್ಕಳ ಹಜಾರಗಳಿಗೆ ಹಳ್ಳಿಯ ನೇಗಿಲು, ತೊಗಲುಗೊಂಬೆಗಳು ಬಂದವು. ವಿಭಾಗಗಳು, ವಿದ್ಯಾರ್ಥಿನಿಲಯಗಳು ಒಂದೊಂದಾಗಿ ಎದ್ದವು. ಸಾಲುಮರಗಳು ಬೆಳೆದು ದಾರಿಗಳಿಗೆ ನೆರಳಾದವು. ಆವರಣದಾಚೆ ಇದ್ದ ಬಯಲುಗಳಲ್ಲಿ ಬಡಾವಣೆಗಳು ಹಬ್ಬಿದವು.

ಈ ಬದಲಾವಣೆಯ ಬೆಲೆಯನ್ನು ತೆತ್ತುದು ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಗೆ ಮಳೆನೀರನ್ನು ತರುತ್ತಿದ್ದುದು ಪೂರ್ಣಯ್ಯನ ನಾಲೆ. ನಾಲೆಯ ಮೇಲೆ ಊರು ಬೆಳೆದಂತೆ ಹರಿವು ಕುಗ್ಗಿತು; ಅದರ ಜಾಗಕ್ಕೆ ಕೊಳಚೆ ನೀರು ಬಂದು ಸೇರಿತು. ಕುವೆಂಪು ಅವರು ವಾಯುಸೇವನೆಗೆ ಬರುತ್ತಿದ್ದ ಏರಿಯ ಮೇಲೆಯೇ ಜನ ಮೂಗು ಮುಚ್ಚಿಕೊಂಡು ನಡೆಯುವ ದಿನಗಳು ಬಂದವು. ನಾಗರಿಕರು ದನಿಯೆತ್ತಿದ ಮೇಲೆ ದುರಸ್ತಿಯ ಕೆಲಸಗಳು ನಡೆದವು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಂದಿಗೂ ಅಲ್ಲಿಗೆ ಬರುತ್ತಿವೆಯೆಂಬುದು ನಮ್ಮ ಪುಣ್ಯ.

ಇದರಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಚಾಮರಾಜನಗರದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಇಂಥ ಹೊಸ ಆವರಣಗಳಲ್ಲಿ ಇನ್ನೂ ಬಯಲುಂಟು, ಅವಕಾಶವುಂಟು. ಕಟ್ಟಡದ ನಕ್ಷೆ ಬರೆಯುವ ಮೊದಲು ಮಳೆನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹರಿಯುತ್ತದೆಂಬುದನ್ನು ಗುರುತಿಸಬೇಕು. ಆ ದಾರಿಯಲ್ಲಿ ಒಂದು ಇಟ್ಟಿಗೆಯನ್ನೂ ಇಡಬಾರದು. ಕಟ್ಟಡವನ್ನು ಎರಡು ವರ್ಷಗಳಲ್ಲಿ ಎಬ್ಬಿಸಬಹುದು. ನೆರಳಿಗೆ ಮೂವತ್ತು ವರ್ಷ ಬೇಕು. ಮುಚ್ಚಿಹೋದ ನಾಲೆಯನ್ನು ಮತ್ತೆ ತೆರೆಯುವುದಕ್ಕಾದರೋ ಒಂದು ತಲೆಮಾರೂ ಸಾಲದು.