ದೊಡ್ಡ ಕರುಳಿನ ಅತಿಥಿಗಳು

ಗೃಹಸ್ಥನಾದವನು ತಾನುಣ್ಣುವ ಮೊದಲು ಕಾಗೆಗೂ ಗೋವಿಗೂ ಒಂದು ತುತ್ತನ್ನು ಎತ್ತಿಡಬೇಕೆಂಬುದು ಹಿರಿಯರ ಕಟ್ಟಳೆ. ಅಂತಹ ತುತ್ತಿಗಾಗಿ ಕಾದಿರುವ ಕೋಟ್ಯನುಕೋಟಿ ಜೀವಿಗಳು ನಮ್ಮ ಉದರದೊಳಗೇ ಇರುವುವೆಂಬುದನ್ನು ಬಲ್ಲವರು ವಿರಳ. ದೊಡ್ಡ ಕರುಳಿನಲ್ಲಿ ನೆಲಸಿದ ಈ ಸೂಕ್ಷ್ಮಜೀವಿಗಳು ಉಂಡ ಋಣವನ್ನು ಹೇಗೆ ತೀರಿಸುತ್ತವೆ, ಅವುಗಳನ್ನು ಉಪವಾಸ ಕೆಡವಿದರೆ ಹಾನಿಯೇನು ಎಂಬುದನ್ನು ವಾಚಕರು ತಿಳಿದಿರುವುದು ಲೇಸು.

ಉಂಡ ಅನ್ನದ ಪಿಷ್ಟ, ಸಕ್ಕರೆ, ಜಿಡ್ಡುಗಳ ಬಹುಭಾಗವು ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತವನ್ನು ಸೇರುತ್ತದೆ. ಕಾಯಿ, ಸೊಪ್ಪು, ಕಾಳುಗಳ ನಾರನ್ನು ಜೀರ್ಣಿಸುವ ಶಕ್ತಿಯಾದರೋ ಮನುಷ್ಯನಿಗಿಲ್ಲ. ಅದು ದೊಡ್ಡ ಕರುಳಿಗಿಳಿಯುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಅದರ ಒಂದು ಪಾಲನ್ನು ಹುಳಿಯಿಸಿ, ಮುಖ್ಯವಾಗಿ ಮೂರು ಬಗೆಯ ಕಿರಿಯ ಮೇದಾಮ್ಲಗಳನ್ನು ಮಾಡುತ್ತವೆ. ಮೊದಲನೆಯದು ವಿನೆಗರಿನ ಹುಳಿಯಾದ ಅಸೆಟಿಕ್ ಆಮ್ಲ. ಎರಡನೆಯದು ಪ್ರೊಪಿಯಾನಿಕ್ ಆಮ್ಲ. ಮೂರನೆಯದು ಬ್ಯುಟಿರಿಕ್ ಆಮ್ಲ. ಬೆಣ್ಣೆಯಲ್ಲಿಯೂ ಇದು ಇರುವುದರಿಂದ ನಾವು ನವನೀತಾಮ್ಲವೆನ್ನಬಹುದು.

ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ನವನೀತಾಮ್ಲವೇ ಮುಖ್ಯ ಗ್ರಾಸ. ಅದು ದೊರೆತಾಗ ಪೊರೆಯು ಬಿಗಿಯಾಗಿದ್ದು, ಕರುಳಿನ ಕಲ್ಮಷವು ರಕ್ತಕ್ಕೆ ಒಸರದಂತೆ ತಡೆಯುತ್ತದೆ. ಅನಾವಶ್ಯಕವಾದ ಉರಿಯೂತವೂ ಅಡಗುತ್ತದೆ. ಪ್ರೊಪಿಯಾನಿಕ್ ಆಮ್ಲದ ಬಹುಭಾಗವು ಯಕೃತ್ತನ್ನು ಸೇರುತ್ತದೆ; ಅಸೆಟಿಕ್ ಆಮ್ಲವು ರಕ್ತದೊಡನೆ ದೇಹದಲ್ಲೆಲ್ಲ ಸಂಚರಿಸುತ್ತದೆ. ಉಂಡದ್ದು ಸಾಕೆಂಬ ಸೂಚನೆಯನ್ನು ಮಿದುಳಿಗೆ ಕಳುಹಿಸುವ ರಸಗಳನ್ನು ಕರುಳು ಸ್ರವಿಸುವುದಕ್ಕೂ ಈ ಆಮ್ಲಗಳು ಪ್ರೇರಕವಾಗಿವೆ.

ಆಹಾರವು ಬದಲಾದರೆ ಈ ಆಮ್ಲಗಳೂ ಬೇಗನೆ ಬದಲಾಗುತ್ತವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಓಕೀಫ್ ಮತ್ತು ಸಹಚರರು 2015ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಆಫ್ರಿಕನ್ ಮೂಲದ 20 ಮಂದಿ ಅಮೆರಿಕನ್ನರಿಗೆ ಎರಡು ವಾರ ನಾರು ತುಂಬಿದ ಹಳ್ಳಿಯ ಊಟವನ್ನೂ, ದಕ್ಷಿಣ ಆಫ್ರಿಕದ 20 ಮಂದಿ ಹಳ್ಳಿಗರಿಗೆ ಮಾಂಸ, ಜಿಡ್ಡುಗಳ ಅಮೆರಿಕನ್ ಊಟವನ್ನೂ ಇತ್ತರು. ಮೊದಲಿನವರಲ್ಲಿ ನವನೀತಾಮ್ಲ ಹೆಚ್ಚಿ, ಕರುಳಿನ ಅರ್ಬುದದ ಅಪಾಯವನ್ನು ಸೂಚಿಸುವ ಚಿಹ್ನೆಗಳು ತಗ್ಗಿದವು. ಎರಡನೆಯವರಲ್ಲಿ ಇದಕ್ಕೆ ವಿಪರೀತವಾಯಿತು.

ಬೆಣ್ಣೆ ತುಪ್ಪಗಳನ್ನೇ ಉಂಡರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಅವುಗಳಲ್ಲಿರುವ ನವನೀತಾಮ್ಲವು ಸಣ್ಣ ಕರುಳಿನಲ್ಲಿಯೇ ಹೀರಲ್ಪಡುತ್ತದೆ. ದೊಡ್ಡ ಕರುಳಿಗೆ ಬೇಕಾದುದು ಅಲ್ಲಿಯೇ ಸಿದ್ಧವಾಗಬೇಕು.

ಈ ನಾರಿಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗೃಹಿಣಿಯರು ದೂರ ಹೋಗಬೇಕಾದುದಿಲ್ಲ. ಅಡಿಕೆ ತೋಟದ ನಡುವೆ ಬಾಳೆಯಿದೆ. ಗೊನೆ ಕಡಿದ ಮೇಲೆ ಉಳಿವ ದಿಂಡಿನ ಹಶಿ, ಬಾಳೆಕಾಯಿಯ ಪಲ್ಯ, ಹಲಸಿನಕಾಯಿಯ ಹುಳಿ, ಕೆಸುವಿನ ಕರ್ಕಲಿ ಇವೆಲ್ಲ ಆ ಅತಿಥಿಗಳಿಗೆ ಸಲ್ಲುವ ತುತ್ತುಗಳು. ತಂಬುಳಿಗೆ ಅರೆದ ಸೊಪ್ಪನ್ನು ಸೋಸಿ ಚೆಲ್ಲಿದರೆ ನಾರೂ ಹೋಯಿತು. ನುಣ್ಣಗೆ ಅರೆದು ಹಾಗೆಯೇ ಬೆರಸುವುದು ಮೇಲು. ಮೈದಾ ತಿಂಡಿ, ತೌಡು ಕಳೆದ ಬಿಳಿಯಕ್ಕಿಗಳೇ ಎಲೆಯನ್ನು ತುಂಬಿದರೆ ಅತಿಥಿಗಳಿಗೆ ಉಳಿಯುವುದು ಅತ್ಯಲ್ಪ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. ರೂಢಿಯಿಲ್ಲದವರು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾದೀತು. ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಕರುಳಿನ ರೋಗವಿದ್ದವರು ವೈದ್ಯರನ್ನು ಕೇಳದೆ ಪಥ್ಯವನ್ನು ಬದಲಿಸಬಾರದು. ನಾರು ಆರೋಗ್ಯವನ್ನು ಕಾಯುತ್ತದೆಯೇ ಹೊರತು ಔಷಧಕ್ಕೆ ಬದಲಾಗಲಾರದು. ಮಕ್ಕಳ ಎಲೆಗೆ ಮಾತ್ರ ಇಂದಿನಿಂದಲೇ ಒಂದು ಪಲ್ಯವನ್ನು ಹೆಚ್ಚಾಗಿ ಬಡಿಸಲು ಅಡ್ಡಿಯಿಲ್ಲ. ನಾಲಗೆಯ ರೂಢಿ ಬಲಿಯುವುದು ಎಳವೆಯಲ್ಲಿಯೇ.