ಮೊಣಕಾಲಿನ ಚಕ್ರಬಡ್ಡಿ

ನನ್ನ ಮೊಮ್ಮಗನಿಗೆ ಆಗ 7 ವರ್ಷ. ಒಂದು ಶನಿವಾರ ಸಂಜೆ, "ಅಜ್ಜ, ಮೊಣಕಾಲೊಳಗೆ ಏನೋ ಜುಮುಜುಮು ಅಂತಿದೆ, ಬಿಸಿ ಆಗ್ತಿದೆ" ಎಂದ. ಬಗ್ಗಿ ನೋಡಿದೆ. ಗಾಯವಿಲ್ಲ, ಊತವಿಲ್ಲ. ಸೋಮವಾರ ಪರೀಕ್ಷೆ ಇತ್ತು, ನೆಪ ಹೇಳುತ್ತಿದ್ದಾನೆ ಅಂದುಕೊಂಡೆ. ಎಳ್ಳೆಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದೆ. ಬೆಳಗಾಗುವಷ್ಟರಲ್ಲಿ ಮೊಣಕಾಲು ತೆಂಗಿನಕಾಯಿಯಂತೆ ಊದಿತ್ತು.

ಅವನಿಗೆ ಹಿಮೋಫಿಲಿಯಾ ಇರುವುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪು ಅದು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಎಂಟನೆಯದು ಅವನಲ್ಲಿ ತೀರಾ ಕಡಿಮೆ. ಗಾಯವಾದರೆ ರಕ್ತ ನಿಲ್ಲದು, ಅಷ್ಟೇ ಕಾಯಿಲೆ ಎಂದು ನಾನು ತಿಳಿದಿದ್ದೆ. ಮನೆಯ ಚಾಕು, ಬ್ಲೇಡು ಎಲ್ಲವನ್ನೂ ಅಟ್ಟಕ್ಕೇರಿಸಿದ್ದೆ! ಆದರೆ ಅದು ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಕಡೆ: ಮೊಣಕಾಲು, ಮೊಣಕೈ, ಪಾದದ ಕೀಲುಗಳ ಒಳಗೆ.

ವೈದ್ಯರು ಚಿತ್ರ ಬರೆದು ತೋರಿಸಿದರು. ಕೀಲಿನ ಒಳಗೆ ಒಂದು ತೆಳು ಪೊರೆ ಇದೆ. ಒಳಗೆ ಸೋರಿದ ರಕ್ತವನ್ನು ಹೀರಿ ಚೊಕ್ಕಟ ಮಾಡುವ ಕೆಲಸ ಅದರದು. ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಅದು ಪೊರೆಯಲ್ಲೇ ಉಳಿದುಬಿಡುತ್ತದೆ. ಪೊರೆ ಕೆರಳಿ ದಪ್ಪವಾಗಿ ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ. ಅವು ಬಲು ನಾಜೂಕು, ಚೂರು ಒತ್ತಡ ಬಿದ್ದರೂ ಮತ್ತೆ ಸೋರುತ್ತವೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ಥಟ್ಟನೆ ಅರ್ಥವಾಯಿತು, ಇದು ಚಕ್ರಬಡ್ಡಿ. ಆ ವರ್ಷ ಅದೇ ಮೊಣಕಾಲಿನಲ್ಲಿ ಇನ್ನೂ ನಾಲ್ಕು ಸಲ ರಕ್ತ ಸೋರಿತು. ಹೀಗೇ ಬಿಟ್ಟರೆ ಮೂಳೆಯ ತುದಿಯ ನುಣುಪಾದ ಮೆತ್ತೆ ಸವೆಯುತ್ತದೆ, ಸವೆದದ್ದು ಮೊದಲಿನಂತೆ ಬೆಳೆಯದು.

ನೋವೆಂದು ತಿಂಗಳುಗಟ್ಟಲೆ ಮಲಗಿಸಿದ್ದು ನಮ್ಮ ಇನ್ನೊಂದು ತಪ್ಪು. ತೊಡೆಯ ಸ್ನಾಯು ಸೊರಗಿತು, ಆಸರೆ ತಪ್ಪಿದ ಕೀಲಿನಲ್ಲಿ ಮತ್ತೆ ಸೋರಿಕೆ. ಮೈತೂಕ ಏರಿದರೂ ಕೀಲಿಗೇ ಭಾರ.

ಅಜ್ಜ ಅಜ್ಜಿಯರೇ, ಇಂಥ ಮಗು ಜುಮುಜುಮು ಅಂದರೆ ಊತಕ್ಕೆ ಕಾಯಬೇಡಿ. ಎಣ್ಣೆ ತಿಕ್ಕುವುದು, ಬಿಸಿ ಶಾಖ, ಆಸ್ಪಿರಿನ್ ಯಾವುದೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಕಡಿಮೆಯಿರುವ ಅಂಶದ ಚುಚ್ಚುಮದ್ದು ಕೊಡಿಸಿ. ಸೋರುವ ಮೊದಲೇ ತಪ್ಪದೆ ಚುಚ್ಚುಮದ್ದು ಕೊಡುವ ಕ್ರಮವೂ ಇದೆ. ಕೀಲು ಉಳಿಸಲು ಅದೇ ಮೇಲು. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಹಿಮೋಫಿಲಿಯಾ ಇದೆ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ದೂರ ಇಡಬೇಡಿ. ಇದು ಅಂಟುರೋಗವಲ್ಲ. ಕಬಡ್ಡಿಗೆ ಕರೆಯಬೇಡಿ, ಕೇರಂಗೆ ಕರೆಯಿರಿ.

ಮೊಮ್ಮಗನಿಗೆ ಈಗ 13. ಬಲ ಮೊಣಕಾಲು ಪೂರ್ತಿ ನೆಟ್ಟಗಾಗುವುದಿಲ್ಲ. ನಾನು ನೋಡುತ್ತೇನೆಂದು ಗೊತ್ತಾದರೆ ಪ್ಯಾಂಟು ಕೆಳಗೆಳೆದುಕೊಳ್ಳುತ್ತಾನೆ. ವೈದ್ಯರನ್ನು ಕೇಳಿ ಈಜು ಕಲಿತಿದ್ದಾನೆ, ತೊಡೆ ಗಟ್ಟಿಯಾಗಿದೆ. ಕಳೆದ ವಾರ ಊಟಕ್ಕೆ ಕೂತಿದ್ದಾಗ, "ಅಜ್ಜ, ಮೊಣಕೈ..." ಎಂದ. ನಾನು ತಟ್ಟೆ ಬಿಟ್ಟೆದ್ದು ಆಟೋ ಕೂಗಿದೆ.